ಇನ್ಸ್‌ಪೆಕ್ಟರ್ ದಿನದ ಸಕ್ಕರೆ

ಬಸ್ಸು ತಿರುಗುವ ಮೂಲೆಯಲ್ಲಿ ಒಂದು ಬೇಕರಿ ಇದೆ. ಬೋರ್ಡಿನ ಬಣ್ಣ ಹೋಗಿ ಎಷ್ಟೋ ಕಾಲವಾಯಿತು. ಆದರೂ ಯಾರೂ ದಾರಿ ತಪ್ಪುವುದಿಲ್ಲ. ಮೂಗಿದ್ದವರಿಗೆ ವಿಳಾಸ ಯಾಕೆ? ಬೆಳಗಿನ ಬ್ರೆಡ್ಡು ಓವನ್ನಿನಿಂದ ಹೊರಗೆ ಬರುವ ಹೊತ್ತಿಗೆ ಬೀದಿ ನಾಯಿಗಳೂ ಎದ್ದು ಮೈ ಮುರಿಯುತ್ತವೆ.

ಅಂಗಡಿಯ ಯಜಮಾನಿಯನ್ನು ಎಲ್ಲರೂ ಬೇಕರಿಯಮ್ಮ ಅಂತಲೇ ಕರೆಯುವುದು. ಗಂಡ ತೀರಿಕೊಂಡ ಮೇಲೆ ಹಿಟ್ಟು ನಾದುವ ಕೆಲಸ ಮಗನಿಗೆ, ಗಲ್ಲಾ ಇವರಿಗೆ, ಕೇಕಿನ ಮೇಲೆ ಹೂ ಬಿಡಿಸುವ ಕೆಲಸ ಸೊಸೆಗೆ. ಇವರ ಕಾಲಿಗೆ ತೊಡರುತ್ತಾ ಓಡಾಡುವವಳು ಮೊಮ್ಮಗಳು. ಇಡೀ ಬೀದಿಗೆ ಅವಳು 'ಬನ್ನು'. ಹುಟ್ಟಿದಾಗ ಅಷ್ಟು ದುಂಡಗೆ, ಅಷ್ಟು ಉಬ್ಬಿಕೊಂಡು ಇದ್ದಳು. ಆ ಹೆಸರು ಇಟ್ಟವರು ಅಜ್ಜಿ. ಇವತ್ತು ಬೀದಿಯಲ್ಲಿ ಅವಳನ್ನು ಆ ಹೆಸರಿನಿಂದ ಕರೆಯದವರು ಒಬ್ಬರೇ, ಅವರೂ ಅಜ್ಜಿಯೇ.

ಯಾಕೆ ಅಂತ ಹೇಳ್ತೀನಿ, ಕೂತ್ಕೊಳ್ಳಿ.

ಮೊದಲು ಆ ಬೇಕರಿಯ ಒಂದು ಪದ್ಧತಿ ತಿಳಿಯಬೇಕು. ಆಗಾಗ ಅಂಗಡಿಗಳ ಶುಚಿ ನೋಡುವ ಇನ್ಸ್‌ಪೆಕ್ಟರ್ ಬರುತ್ತಾರೆ. ಅವರು ಬರುವ ಸುದ್ದಿ ಅವರಿಗಿಂತ ಮೊದಲೇ ಬಂದು ಸೇರುತ್ತದೆ. ಬಂತೋ, ಬೇಕರಿಯಮ್ಮ ಟೊಂಕ ಕಟ್ಟಿ ನಿಲ್ಲುತ್ತಾರೆ. "ನಾಳೆ ಇನ್ಸ್‌ಪೆಕ್ಟರ್ ದಿನ ಕಣ್ರೋ!" ಟ್ರೇಗಳು ಕನ್ನಡಿಯಾಗುತ್ತವೆ. ಹಿಟ್ಟಿನ ಮೂಟೆಯ ಹಿಂದಿನ ಜೇಡ ಮನೆ ಖಾಲಿ ಮಾಡುತ್ತದೆ. ಮಗ ಬಿಳಿ ಟೋಪಿ ಹಾಕಿಕೊಳ್ಳುತ್ತಾನೆ. ಆ ಟೋಪಿಯ ಮಡಿಕೆ ನೋಡಿದರೇ ಸಾಕು, ಪೆಟ್ಟಿಗೆಯೊಳಗೆ ಎಷ್ಟು ಕಾಲ ಮಲಗಿತ್ತು ಅಂತ ಗೊತ್ತಾಗುತ್ತದೆ. ಇನ್ಸ್‌ಪೆಕ್ಟರ್ ಬರುತ್ತಾರೆ, ನೋಡುತ್ತಾರೆ, ತಲೆಯಾಡಿಸುತ್ತಾರೆ, ಹೋಗುತ್ತಾರೆ. ಮಾರನೇ ದಿನ ಟೋಪಿ ಪೆಟ್ಟಿಗೆಗೆ, ಜೇಡ ತನ್ನ ಮನೆಗೆ.

"ಅಯ್ಯೋ, ಮನೆಗೆ ನೆಂಟರು ಬಂದಾಗ ಒಳ್ಳೆ ಚಾದರ ಹಾಸೋದಿಲ್ವಾ? ಇದೂ ಹಾಗೇ," ಅನ್ನುತ್ತಿದ್ದರು ಬೇಕರಿಯಮ್ಮ. ಮಾತು ನಿಜವೇ. ಅಂಗಡಿಗೆ ಆ ಪದ್ಧತಿಯಿಂದ ಅಂಥ ನಷ್ಟ ಏನೂ ಆಗಲಿಲ್ಲ. ಆದರೆ ಪದ್ಧತಿ ಅನ್ನೋದು ಅಂಗಡಿಯಲ್ಲೇ ಇರುವುದಿಲ್ಲ ನೋಡಿ. ಬಾಗಿಲು ದಾಟಿ ಮನೆಯೊಳಗೂ ಬರುತ್ತದೆ.

ಸೊಸೆ ಮೊದಲ ಸಲ ಬಸುರಾದಳು. ಬೇಕರಿಯಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೇಕ್ ಕತ್ತರಿಸುವಾಗ ನಾಲ್ಕು ಅಂಚನ್ನೂ ನೇರ ಮಾಡಲು ಒಂದಿಷ್ಟು ತೆಗೆಯುತ್ತಾರಲ್ಲ, ಆ ಚೂರುಗಳನ್ನು ಒಂದು ತಟ್ಟೆಗೆ ಹಾಕಿಡುವುದು ರೂಢಿ. ಮುಂಚೆ ಅದು ಸ್ಕೂಲು ಬಿಟ್ಟ ಮಕ್ಕಳ ಪಾಲು. ಈಗ ಸೊಸೆಯ ಪಾಲು.

"ತಿನ್ನು ಕಣಮ್ಮ. ನೀನೀಗ ಒಬ್ಬಳಲ್ಲ, ಇಬ್ಬರು."

"ಅತ್ತೆ, ಬೆಳಗ್ಗೆಯಿಂದ ಇದೇ ತಿಂತಾ ಇದೀನಿ."

"ಅದು ನಿನ್ನ ಪಾಲಿನದು. ಇದು ಒಳಗಿರೋರ ಪಾಲಿನದು."

ಎದುರುಗಡೆ ಲಾಂಡ್ರಿ ಇದೆ. ಅಲ್ಲಿನ ಯಜಮಾನಿಗೆ ಬಟ್ಟೆಗಿಂತ ಬಾಯಿ ಬಿಸಿ. ಅವಳೂ ಅಲ್ಲಿಂದಲೇ ಕೂಗುತ್ತಿದ್ದಳು. "ಹಾಕಮ್ಮಾ ಹಾಕು! ಬೇಕರಿ ಮನೆ ಕೂಸು ಬಡಕಲಾಗಿ ಹುಟ್ಟಿದರೆ ನಿಮ್ಮ ಬ್ರೆಡ್ಡು ಯಾರು ತಗೋತಾರೆ?"

ಆರನೇ ತಿಂಗಳು ಹತ್ತಿರವಾದಾಗ ಆಸ್ಪತ್ರೆಯಲ್ಲಿ ಸಿಸ್ಟರ್ ಸೊಸೆಗೆ ಒಂದು ಲೋಟ ಸಿಹಿ ನೀರು ಕುಡಿಸಿದರು. ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿ ರಕ್ತ ತೆಗೆದರು. ರಕ್ತದಲ್ಲಿ ಸಕ್ಕರೆ ಇರಬೇಕಾದ್ದಕ್ಕಿಂತ ಹೆಚ್ಚಿತ್ತು.

"ಸಕ್ಕರೆ ಕಾಯಿಲೆ ವಯಸ್ಸಾದವರಿಗಲ್ವಾ ಸಿಸ್ಟರ್?" ಬೇಕರಿಯಮ್ಮ ನಕ್ಕರು. "ನನಗೇ ಇಲ್ಲ, ಇವಳಿಗೆಲ್ಲಿಂದ ಬಂತು?"

"ಬಸಿರಲ್ಲೇ ಕಾಣಿಸಿಕೊಳ್ಳೋ ಸಕ್ಕರೆ ಇದು ಅಮ್ಮಾ. ತುಂಬಾ ಜನಕ್ಕೆ ಬರುತ್ತೆ. ಸಿಹಿ, ಮೈದಾ ಕಮ್ಮಿ ಮಾಡಿ. ತರಕಾರಿ, ಕಾಳು, ಮೊಟ್ಟೆ ಜಾಸ್ತಿ ಕೊಡಿ. ಊಟ ಆದ ಮೇಲೆ ಸ್ವಲ್ಪ ನಡೀಲಿ. ವಾರವಾರ ಬಂದು ಬೆರಳು ಚುಚ್ಚಿಸಿ ತೋರಿಸಿ. ಅಷ್ಟರಲ್ಲಿ ಇಳೀದಿದ್ರೆ ಡಾಕ್ಟರು ಔಷಧಿ ಕೊಡ್ತಾರೆ."

ಬೆಂಚಿನ ತುಂಬಾ ಬಸುರಿಯರು ಕಾಯುತ್ತಿದ್ದರು. ಏನು ಮಾಡಬೇಕು ಅಂತ ಹೇಳಲು ಸಿಸ್ಟರಿಗೆ ಪುರುಸೊತ್ತಿತ್ತು. ಯಾಕೆ ಮಾಡಬೇಕು ಅಂತ ಹೇಳಲು ಇರಲಿಲ್ಲ. ಬೇಕರಿಯಮ್ಮನ ಕಿವಿಗೆ ಬಿದ್ದದ್ದು ಒಂದೇ ಮಾತು: ವಾರವಾರ ತೋರಿಸಬೇಕು.

ತೋರಿಸುವುದಾ? ಅದು ಅವರಿಗೆ ಹೊಸದೇ?

"ಲೇ, ನಾಳೆ ನಿನ್ನ ಇನ್ಸ್‌ಪೆಕ್ಟರ್ ದಿನ. ಇವತ್ತು ಚೂರಿನ ತಟ್ಟೆ ಮುಟ್ಟಬೇಡ."

ಮೊದಲು ತಮಾಷೆಗೆ ಅಂದ ಮಾತು. ಆಮೇಲೆ ಅದೇ ಕ್ರಮವಾಯಿತು. ಆಸ್ಪತ್ರೆಗೆ ಹೋಗುವ ಮುಂಚಿನ ದಿನ ತರಕಾರಿ, ಕಾಳು, ನಡಿಗೆ. ಹೋಗುವ ದಿನ ಅರ್ಧ ಹೊಟ್ಟೆ. ಬೆರಳು ಚುಚ್ಚಿದರೆ ಸಕ್ಕರೆ ಸರಿಯಾಗಿ ಬರುತ್ತಿತ್ತು. ಸಿಸ್ಟರ್ ಮುಖ ಅರಳುತ್ತಿತ್ತು. "ಭೇಷ್! ಹೀಗೇ ನಡೆಸ್ಕೊಂಡು ಹೋಗಿ." ಬಸ್ಸಿಳಿದು ಅಂಗಡಿಗೆ ಬಂದರೆ ಅತ್ತೆಯ ಕೈಯಲ್ಲಿ ತಟ್ಟೆ ಸಿದ್ಧ. "ಪಾಪ, ನಿನ್ನೆಯಿಂದ ಬಾಯಿ ಕಟ್ಟಿದೀಯ. ತಿನ್ನು."

ಸೊಸೆಗೂ ತಪ್ಪು ಅನ್ನಿಸಲಿಲ್ಲ. ಪ್ರೀತಿಯಿಂದ ಬಾಯಿ ತುಂಬಾ ತುರುಕುವವರ ಎದುರು ಬೇಡ ಅನ್ನುವುದು ಹೇಗೆ? ಗಂಡ ಒಂದು ಸಲ ಅಂದ, "ಅಮ್ಮ, ಸಿಸ್ಟರು ದಿನಾ ಅಂದಂಗಿತ್ತಲ್ಲ?" ಅದಕ್ಕೆ ತಾಯಿ, "ನೀನು ದಿನಾ ಟೋಪಿ ಹಾಕ್ತೀಯೇನೋ?" ಅಂದರು. ಮೂವರೂ ನಕ್ಕರು. ಅಲ್ಲಿಗೆ ಮಾತು ಮುಗಿಯಿತು.

ಸ್ಕ್ಯಾನಿಂಗ್ ಮಾಡಿದಾಗ ಮಗು ತಿಂಗಳಿಗೆ ಮೀರಿ ದಪ್ಪ ಇದೆ ಅಂದರು. ಬೇಕರಿಯಮ್ಮ ಎದೆ ಉಬ್ಬಿಸಿ, "ನಮ್ಮ ಮನೆ ತಳಿಯೇ ಹಾಗೆ ಸಿಸ್ಟರ್. ನನ್ನ ಮಗ ಹುಟ್ಟಿದಾಗ ನೋಡಬೇಕಿತ್ತು ನೀವು," ಅಂದರು. ಸಿಸ್ಟರ್ ಸಕ್ಕರೆಯ ಲೆಕ್ಕ ತಿರುಗಿಸಿ ನೋಡಿದರು. ಎಲ್ಲ ಸರಿಯಾಗಿತ್ತು. ಇರಬಹುದು, ಮನೆತನವೇ ದೊಡ್ಡ ಮೈಕಟ್ಟಿನದಿರಬಹುದು ಅಂದುಕೊಂಡರು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಇಲ್ಲಿ ಜಗತ್ತಿಗೇನೋ ಕಾಣಲಿಲ್ಲ. ಹೊಟ್ಟೆಯೊಳಗಿದ್ದ ಕೂಸಿಗೆ ಮಾತ್ರ ಎಲ್ಲ ಕಾಣುತ್ತಿತ್ತು.

ಹೆರಿಗೆ ನೋವು ಬಂತು. ಹೊರಗಿನ ಬೆಂಚಿನಲ್ಲಿ ಅತ್ತೆ, ಮಗ. ಒಳಗೆ ಮಗುವಿನ ತಲೆ ಬಂತು, ಭುಜ ಬರಲಿಲ್ಲ. ತಾಯಿಯ ಸಕ್ಕರೆಯಲ್ಲಿ ಬೆಳೆದ ಕೂಸಿಗೆ ಕೊಬ್ಬು ಸೇರುವುದು ಹೆಚ್ಚಾಗಿ ಭುಜದಲ್ಲಿ, ಹೊಟ್ಟೆಯಲ್ಲಿ. ಭುಜ ಸಿಕ್ಕಿಹಾಕಿಕೊಂಡಿತು. ಡಾಕ್ಟರು, ಸಿಸ್ಟರು ಎಲ್ಲ ಸೇರಿ, ತಾಯಿಯ ಕಾಲು ಮಡಿಸಿ, ಕೆಳಹೊಟ್ಟೆ ಒತ್ತಿ, ಮಗುವನ್ನು ತಿರುಗಿಸಿ ಹೊರಗೆ ತಂದರು. ಪ್ರಾಣ ಉಳಿಯಿತು.

ತೂಕದ ಸುದ್ದಿ ಹೊರಗೆ ಬಂದದ್ದೇ ತಡ, ಬೇಕರಿಯಮ್ಮ ಅಂಗಡಿಯಿಂದ ಕೇಕ್ ತರಿಸಿದರು. ಬಾಗಿಲು ಕಾಯುವವನಿಗೆ, ಕಸ ಗುಡಿಸುವವಳಿಗೆ, ಕಂಡು ಕೇಳರಿಯದವರಿಗೆಲ್ಲ ಹಂಚಿದರು. "ತಗೊಳ್ಳಿ, ತಗೊಳ್ಳಿ! ಈ ಆಸ್ಪತ್ರೇಲಿ ಈ ತಿಂಗಳು ಹುಟ್ಟಿದ್ದರಲ್ಲೇ ನಮ್ಮದು ದೊಡ್ಡದಂತೆ!"

ಆ ಹೊತ್ತಿಗೆ ಒಳಗೆ ಮಗು ಗಡಗಡ ನಡುಗುತ್ತಿತ್ತು. ಹೊಟ್ಟೆಯಲ್ಲಿದ್ದಷ್ಟು ಕಾಲ ಸುರಿಯುತ್ತಿದ್ದ ಸಕ್ಕರೆ ಹೊಕ್ಕಳುಬಳ್ಳಿ ಕತ್ತರಿಸಿದೊಡನೆ ನಿಂತುಹೋಗಿತ್ತು. ಅದನ್ನು ಅರಗಿಸಲು ಅಭ್ಯಾಸವಾಗಿದ್ದ ಆ ಪುಟ್ಟ ದೇಹ ಇನ್ನೂ ಅದೇ ರಭಸದಲ್ಲಿ ಕೆಲಸ ಮಾಡುತ್ತಿತ್ತು. ರಕ್ತದಲ್ಲಿ ಸಕ್ಕರೆ ಕುಸಿದಿತ್ತು. ಹೊರಗೆ ಅಜ್ಜಿ ಕೇಕ್ ಹಂಚುತ್ತಿದ್ದಾರೆ, ಒಳಗೆ ಮೊಮ್ಮಗಳ ಮುಂಗೈಗೆ ಸೂಜಿ ಚುಚ್ಚಿ ಸಕ್ಕರೆ ನೀರು ಹನಿಸುತ್ತಿದ್ದಾರೆ.

ಸಕ್ಕರೆ ಸರಿಹೋಯಿತು. ಎಡಗೈ ಸರಿಹೋಗಲಿಲ್ಲ. ಭುಜ ಬಿಡಿಸುವಾಗ ಕುತ್ತಿಗೆಯ ನರ ಎಳೆತಕ್ಕೆ ಸಿಕ್ಕಿತ್ತು. "ಹೆಚ್ಚಿನ ಮಕ್ಕಳಿಗೆ ತಿಂಗಳುಗಳಲ್ಲಿ ವಾಸಿಯಾಗುತ್ತೆ, ವ್ಯಾಯಾಮ ಮಾಡಿಸಿ," ಅಂದರು ಡಾಕ್ಟರು. ಹೆಚ್ಚಿನ ಮಕ್ಕಳಿಗೆ ಆಗುತ್ತದೆ. ಬನ್ನುಗೆ ಪೂರ್ತಿ ಆಗಲಿಲ್ಲ.

ಈಗ ಅವಳು ಚೂಟಿ ಹುಡುಗಿ. ಬಲಗೈಯಲ್ಲಿ ಕ್ರೀಮಿನ ಹೂ ಬಿಡಿಸಲು ಕಲಿಯುತ್ತಿದ್ದಾಳೆ. ಎಡಗೈ ಭುಜದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಂಗಿ ತೊಡುವಾಗ ಮೊದಲು ಆ ಕೈ, ಆಮೇಲೆ ತಲೆ. ಗಾಜಿನ ಕಪಾಟಿನ ಮೇಲಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕಾದರೆ ಎಡಗೈಯನ್ನು ಬಲಗೈಯಿಂದ ಎತ್ತಿಡುತ್ತಾಳೆ, ಯಾರದೋ ಸಾಮಾನು ಎತ್ತಿಟ್ಟ ಹಾಗೆ. ಓಡಿದರೆ ಬೇಗ ಏದುಸಿರು. ವಯಸ್ಸಿಗೆ ಮೀರಿದ ತೂಕ.

ಬೇಕರಿಯಮ್ಮನ ಮನಸ್ಸಿನಲ್ಲಿ ಒಂದು ಕೋಪ ಕೂತಿತ್ತು. ಆಸ್ಪತ್ರೆಯವರು ಎಳೆದಾಡಿದರು, ಅದಕ್ಕೇ ಹೀಗಾಯಿತು ಅಂತ. ಯಾರು ಸಿಕ್ಕರೂ ಹೇಳುತ್ತಿದ್ದರು.

ಹೀಗಿರುವಾಗ ಸೊಸೆ ಮತ್ತೆ ಬಸುರಾದಳು. ಹಿಂದೆ ಸಕ್ಕರೆ ಬಂದವರಿಗೆ ಮತ್ತೆ ಬರಬಹುದು, ಅದಕ್ಕೆ ಗೊತ್ತಾದ ಕೂಡಲೇ ಬನ್ನಿ ಅಂತ ಆಸ್ಪತ್ರೆಯಿಂದ ಹೇಳಿ ಕಳಿಸಿದರು. ಹೋಗಲಿಲ್ಲ. ಮತ್ತೆ ಹೇಳಿ ಕಳಿಸಿದರು. ಹೋಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಗಿರಾಕಿ ಕಡಿಮೆ ಇದ್ದ ಹೊತ್ತಲ್ಲಿ, ಅದೇ ಸಿಸ್ಟರ್ ಅಂಗಡಿಗೇ ಬಂದರು. ಲಾಂಡ್ರಿಯವಳು ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು, "ಬ್ರೆಡ್ಡು ಬೇಕಿತ್ತು" ಅಂತ ಹಿಂದೆಯೇ ಬಂದಳು. ಬ್ರೆಡ್ಡು ಅವಳ ಮನೆಯಲ್ಲಿತ್ತು ಅಂತ ಎಲ್ಲರಿಗೂ ಗೊತ್ತು.

"ನಾನು ಕಳಿಸಲ್ಲ," ಅಂದರು ಬೇಕರಿಯಮ್ಮ. "ಹೋದ ಸಲ ನಿಮ್ಮ ಮಾತೇ ಕೇಳಿದ್ವಿ. ವಾರವಾರ ತಪ್ಪದೆ ಬಂದ್ವಿ. ಬಂದಾಗಲೆಲ್ಲ ಸಕ್ಕರೆ ಸರಿ ಇದೆ, ಸರಿ ಇದೆ ಅಂದ್ರಿ. ಅಂದ್ರೋ ಇಲ್ವೋ?"

"ಅಂದ್ವಿ ಅಮ್ಮಾ."

"ಮತ್ತೆ? ಸಕ್ಕರೆ ಸರಿ ಇದ್ದೂ ಮಗು ಹಾಗೆ ಹುಟ್ಟಿತು ಅಂದ್ರೆ ನಿಮ್ಮ ಪರೀಕ್ಷೆಯಿಂದ ಏನು ಬಂತು? ಸುಮ್ನೆ ಬೆರಳು ತೂತು ಮಾಡಿಸ್ಕೊಳ್ಳೋಕಾ?"

"ಅದೂ ನಿಜ ಅನ್ನು," ಲಾಂಡ್ರಿಯವಳು ಒಗ್ಗರಣೆ ಹಾಕಿದಳು. "ನಮ್ಮಮ್ಮ ಏಳು ಹೆತ್ತಳು. ಯಾವ ಸಿಹಿ ನೀರೂ ಕುಡೀಲಿಲ್ಲ."

ಸಿಸ್ಟರ್ ತಲೆ ತಗ್ಗಿಸಿದರು. "ನನಗೂ ಅದು ಅರ್ಥ ಆಗಿಲ್ಲಮ್ಮ. ಆ ಮಗು ನೆನಪಾದಾಗಲೆಲ್ಲ ಲೆಕ್ಕ ಹಾಕ್ತೀನಿ. ಎಲ್ಲಿ ತಪ್ಪಿದ್ವಿ ಅಂತ ಗೊತ್ತಾಗಲ್ಲ."

ಕೇಕಿನ ಮೇಜಿನ ಹತ್ತಿರ ಸೊಸೆ ನಿಂತಿದ್ದಳು. ಕೈಯಲ್ಲಿದ್ದ ಕ್ರೀಮಿನ ಚೀಲ ಕೆಳಗಿಟ್ಟಳು.

"ಅತ್ತೆ, ಅವರಿಗೆ ಹೇಳಿಬಿಡೋಣ."

"ಏನನ್ನ?"

"ಅದು ಇನ್ಸ್‌ಪೆಕ್ಟರ್ ದಿನದ ಸಕ್ಕರೆ ಅತ್ತೆ. ಅವರು ನೋಡಿದ್ದು ಅದೊಂದೇ. ಮಿಕ್ಕ ದಿನದ್ದು ಅವರು ನೋಡಲೇ ಇಲ್ಲ."

ಸಿಸ್ಟರ್‌ಗೆ ತಿಳಿಯಲಿಲ್ಲ. ಸೊಸೆ ಎಲ್ಲ ಹೇಳಿದಳು. ಟೋಪಿ, ಜೇಡ, ಚೂರಿನ ತಟ್ಟೆ, ಮುಂಚಿನ ದಿನ ಬಾಯಿ ಕಟ್ಟಿದ್ದು. ಅವಳು ಯಾರನ್ನೂ ದೂರಲಿಲ್ಲ. "ನಾನೂ ತಿಂದೆ, ನಾನೂ ಸುಮ್ಮನಿದ್ದೆ," ಅಂದಳು.

ಬೇಕರಿಯಮ್ಮ ಗಲ್ಲಾದ ಸ್ಟೂಲಿನ ಮೇಲೆ ಕೂತರು. ಅವರು ಬೇಕೆಂದು ಮುಚ್ಚಿಟ್ಟವರಲ್ಲ. ಆ ಚೂರಿನ ತಟ್ಟೆಯನ್ನೂ ಮೊಮ್ಮಗಳ ಕೈಯನ್ನೂ ಒಂದಕ್ಕೊಂದು ಸೇರಿಸಿ ಯೋಚಿಸಿಯೇ ಇರಲಿಲ್ಲ. ಈಗ ಸೇರಿದವು.

"ನಾನು… ಪಾಸಾಗಲಿ ಅಂತ ಮಾಡಿದೆ ಸಿಸ್ಟರ್."

ಸಿಸ್ಟರ್ ಬೈಯಲಿಲ್ಲ. "ನಾನೂ ಕೇಳಬೇಕಿತ್ತು ಅಮ್ಮಾ. ಮಿಕ್ಕ ದಿನ ಏನು ತಿಂತೀರ ಅಂತ ಒಂದು ಮಾತು. ಸಕ್ಕರೆ ಸರಿ ಅಂತಿದೆ, ಸ್ಕ್ಯಾನಿಂಗ್ ಬೇರೆ ಹೇಳ್ತಿದೆ. ಅವತ್ತು ಕೂತು ಕೇಳಿದ್ದಿದ್ರೆ ಆಗ್ತಿತ್ತು. ಹೊರಗೆ ಜನ ಕಾಯ್ತಿದ್ರು, ಬಿಟ್ಟುಬಿಟ್ಟೆ."

"ಸಿಹಿ ತಿಂದಿದ್ದಕ್ಕೇ ಇವಳಿಗೆ ಸಕ್ಕರೆ ಬಂತಾ?"

"ಇಲ್ಲಮ್ಮ. ಅದು ಯಾರ ತಪ್ಪೂ ಅಲ್ಲ. ಮಗುವಿಗೆ ಆಹಾರ ಕೊಡೋ ಮಾಸು ಇದೆಯಲ್ಲ, ಅದರಿಂದ ಬರೋ ರಸಗಳು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರ್ತಾವೆ. ಕೆಲವರ ಮೈ ಸಂಭಾಳಿಸುತ್ತೆ, ಕೆಲವರದ್ದು ಆಗಲ್ಲ. ಬಂದಿದ್ದು ತಪ್ಪಲ್ಲ. ಬಂದಿದ್ದನ್ನ ಒಂದು ದಿನಕ್ಕೆ ಮಾತ್ರ ತೊಳೆದು ತೋರಿಸಿದ್ರಲ್ಲ, ಅದರಿಂದ ಔಷಧಿ ಕೊಡೋದು ತಪ್ಪಿಹೋಯ್ತು. ತಾಯಿ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತೆ. ತಾಯಿಯ ಇನ್ಸುಲಿನ್ ದಾಟಲ್ಲ. ಆಗ ಮಗು ತಾನೇ ಜಾಸ್ತಿ ಇನ್ಸುಲಿನ್ ಮಾಡ್ಕೊಳ್ಳುತ್ತೆ. ಆ ಸಕ್ಕರೆ, ಆ ಇನ್ಸುಲಿನ್ ಸೇರಿ ಕೊಬ್ಬಾಗುತ್ತೆ. ನಾವು ದುಂಡು ದುಂಡು ಅಂತೀವಿ."

ಲಾಂಡ್ರಿಯವಳ ಬಾಯಿ ಸುಮ್ಮನಿರಲಿಲ್ಲ. "ಸರಿ, ಹೊಟ್ಟೇಲಿದ್ದಾಗ ಆಯ್ತು. ಈಗ ಹುಡುಗಿ ಹೊರಗೆ ಬಂದು ಎಷ್ಟು ಕಾಲ ಆಯ್ತು! ನಮ್ಮಂತೆ ತಿಂತಾಳೆ, ಆದ್ರೂ ಮೈ ಯಾಕೆ ಇಳಿಯಲ್ಲ?"

ಸಿಸ್ಟರ್ ಉತ್ತರ ಹುಡುಕುತ್ತಾ ಸುತ್ತ ನೋಡಿದರು. ಓವನ್ನಿನ ಪಕ್ಕದ ಗೋಡೆಯ ಮೇಲೆ ಅವರ ಕಣ್ಣು ನಿಂತಿತು. ಅಲ್ಲಿ ಎಣ್ಣೆ ಬಣ್ಣದಲ್ಲಿ ದಪ್ಪಕ್ಷರದ ಅಳತೆಗಳಿದ್ದವು. ಬನ್ನಿಗೆ ಇಷ್ಟು ಹಿಟ್ಟು, ಇಷ್ಟು ಯೀಸ್ಟ್, ಇಷ್ಟು ಸಕ್ಕರೆ, ಇಷ್ಟು ಉಪ್ಪು. ಪ್ರತಿ ಸಾಲಿನ ಪಕ್ಕ ಸೀಮೆಸುಣ್ಣದ ಗೀಟುಗಳು.

"ಇದೇನಪ್ಪ?" ಹಿಟ್ಟು ನಾದುತ್ತಿದ್ದ ಬೇಕರಿಯಮ್ಮನ ಮಗನನ್ನು ಕೇಳಿದರು.

"ಬಣ್ಣದ್ದು ಅಪ್ಪ ಬರೆಸಿದ್ದು. ಅದನ್ನ ಯಾರೂ ಬದಲಾಯಿಸಲ್ಲ. ಗೀಟು ನಾವು ಹಾಕಿದ್ದು. ಪಕ್ಕದಲ್ಲಿ ಮೇಲ್ಗಡೆ ಗೀಟಿದ್ರೆ ಸ್ವಲ್ಪ ಜಾಸ್ತಿ, ಕೆಳಗಿದ್ರೆ ಕಮ್ಮಿ. ಚಳೀಲಿ ಯೀಸ್ಟ್ ಜಾಸ್ತಿ, ಸೆಕೇಲಿ ಕಮ್ಮಿ, ಹೀಗೆ."

"ಸಕ್ಕರೆ ಪಕ್ಕದ ಗೀಟು ಯಾವಾಗಿಂದು?"

ಮಗ ತಲೆ ಕೆರೆದುಕೊಂಡ. "ಅದಾ? ಒಂದು ಸಲ ಹಿಟ್ಟು ಕಹಿ ಬಂದಿತ್ತು. ಮುಚ್ಚೋಕೆ ಸಕ್ಕರೆ ಏರಿಸಿದ್ವಿ. ಹಿಟ್ಟು ಸರಿಹೋಯ್ತು. ಗೀಟು ಹಾಗೇ ಉಳೀತು. ಈಗ ಕೆಲಸಕ್ಕೆ ಬಂದೋರೂ ಅದನ್ನೇ ನೋಡಿ ಹಾಕ್ತಾರೆ."

"ಅದೇ ನೋಡಮ್ಮ," ಸಿಸ್ಟರ್ ಲಾಂಡ್ರಿಯವಳ ಕಡೆ ತಿರುಗಿದರು. "ಅಪ್ಪ ಅಮ್ಮನಿಂದ ಬಂದ ಗುಣ ಗೋಡೆ ಮೇಲಿನ ಬಣ್ಣದ ಹಾಗೆ. ಅದು ಬದಲಾಗಲ್ಲ. ಆದರೆ ಹೊಟ್ಟೇಲಿದ್ದಾಗ ಬಂದ ಆಹಾರ, ಸಕ್ಕರೆ ಆ ಗುಣಗಳ ಪಕ್ಕ ಗೀಟು ಹಾಕುತ್ತೆ. ಈ ಸಾಲು ಜೋರಾಗಿ ಓದು, ಈ ಸಾಲು ಮೆಲ್ಲಗೆ ಓದು ಅಂತ. ಹಸಿವು ಎಷ್ಟು, ಕೊಬ್ಬು ಎಷ್ಟು ಕೂಡಿಡಬೇಕು, ಇನ್ಸುಲಿನ್ ಹೇಗೆ ಕೆಲಸ ಮಾಡಬೇಕು, ಇಂಥವುಗಳ ಪಕ್ಕ. ಓದಿದವರು ಇದಕ್ಕೆ ಎಪಿಜೆನೆಟಿಕ್ಸ್ ಅಂತಾರೆ. ಸಕ್ಕರೆ ಇದ್ದ ತಾಯಂದಿರ ಮಾಸಿನಲ್ಲಿ, ಮಕ್ಕಳ ಹೊಕ್ಕಳುಬಳ್ಳಿಯ ರಕ್ತದಲ್ಲಿ ಇಂಥ ಗುರುತು ಬೇರೆ ಥರ ಇರೋದನ್ನ ನೋಡಿದಾರೆ. ಯಾವ ಗೀಟಿಗೆ ಯಾವ ಫಲ ಅಂತ ಇನ್ನೂ ಹುಡುಕ್ತಾ ಇದಾರೆ. ಒಂದಂತೂ ಕಂಡಿದೆ. ಇಂಥ ಮಕ್ಕಳಿಗೆ ಮುಂದೆ ತೂಕ, ಸಕ್ಕರೆ ಕಾಯಿಲೆ ಬರೋ ಸಾಧ್ಯತೆ ಮಿಕ್ಕವರಿಗಿಂತ ಜಾಸ್ತಿ."

ಸಕ್ಕರೆ ಹೊಟ್ಟೆಯೊಳಗೆ ಬಂದುಹೋದದ್ದು. ಗೀಟು ಉಳಿದದ್ದು. ಬೇಕರಿಯಮ್ಮ ಗೋಡೆಯನ್ನೇ ನೋಡುತ್ತಿದ್ದರು.

"ಗೀಟು ತಾನೇ ಸಿಸ್ಟರ್," ಅಂದರು ಕೊನೆಗೆ. ಧ್ವನಿ ಚಿಕ್ಕದಾಗಿತ್ತು. "ಬಣ್ಣ ಅಲ್ವಲ್ಲ. ಅಳಿಸಬಹುದಲ್ಲ?"

"ನಿಮಗೆ ಸುಳ್ಳು ಹೇಳಲ್ಲ ಅಮ್ಮಾ. ಎಷ್ಟು ಅಳಿಸುತ್ತೆ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ. ಆದರೆ ಗೀಟು ಹಣೆಬರಹ ಅಲ್ಲ. ಅವಳು ಚೆನ್ನಾಗಿ ಆಡಲಿ, ಓಡಲಿ. ಸಿಹಿ ಯಾವಾಗಲಾದರೂ ಒಂದು ದಿನ ಇರಲಿ, ದಿನಾ ಬೇಡ. ತೂಕ ನೋಡಿಸ್ತಾ ಇರಿ. ದಪ್ಪ ಅಂತ ಹಂಗಿಸಬೇಡಿ. ಗೀಟಿದ್ದರೂ ಕೈ ಬಿಗಿ ಹಿಡಿದು ಹಾಕಬಹುದು, ಅಲ್ವೇನಪ್ಪ?"

ಮಗ ತಲೆಯಾಡಿಸಿದ.

"ಮತ್ತೆ ಕೈ?" ಬೇಕರಿಯಮ್ಮ ಕೇಳಿದರು.

ಕೇಳಿದವರಿಗೇ ಉತ್ತರ ಗೊತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಹೋದದ್ದು ಬಂದೀತೇ?

ಅಷ್ಟರಲ್ಲಿ ಹೊರಗಿಂದ ಹುಡುಗಿ ಓಡಿ ಬಂದಳು. "ಅಜ್ಜೀ, ಎಲ್ಲ ಯಾಕೆ ಸುಮ್ನಿದೀರ? ಬನ್ನು ಸೀದುಹೋಯ್ತಾ?"

ಯಾರಿಗೂ ನಗು ಬರಲಿಲ್ಲ. ಅಜ್ಜಿ ಎದ್ದು, ಒದ್ದೆ ಬಟ್ಟೆ ತೆಗೆದುಕೊಂಡು, ಗೋಡೆಯ ಆ ಸಕ್ಕರೆಯ ಗೀಟನ್ನು ಉಜ್ಜಿದರು. ಉಜ್ಜಿದರು, ಉಜ್ಜಿದರು. ಬಿಳಿ ಹೋಯಿತು. ಹೊಗೆ ಹಿಡಿದ ಗೋಡೆಯಲ್ಲಿ ಅದಿದ್ದ ಜಾಗ ಮಾತ್ರ ತೆಳ್ಳಗೆ ಕಾಣುತ್ತಲೇ ಇತ್ತು.

ಮಾರನೇ ಬೆಳಗ್ಗೆ ಸೊಸೆಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಈ ಸಲವೂ ಸಕ್ಕರೆ ಹೆಚ್ಚಿತ್ತು. ಬೆರಳು ಚುಚ್ಚಿ ನೋಡುವ ಸಣ್ಣ ಮೀಟರನ್ನು ಮನೆಗೇ ಕೊಟ್ಟರು. ಬೇಕರಿಯಮ್ಮ ಸಿಸ್ಟರ್ ಕೈ ಹಿಡಿದು ಹೇಳಿದರು, "ಈ ಸಲ ಜೇಡರ ಬಲೆ ಸಮೇತ ತೋರಿಸ್ತೀನಿ. ಕೆಟ್ಟದ್ದು ಬಂದ್ರೂ ಕೆಟ್ಟದ್ದೇ ಹೇಳ್ತೀನಿ."

ಹೇಳಿದರು ಕೂಡ. ಒಂದು ದಿನ ಸೊಸೆ ಯಾರದೋ ಹುಟ್ಟುಹಬ್ಬದ ಕೇಕ್ ಮಾಡುತ್ತಾ ಆಸೆ ತಡೆಯದೆ ತಿಂದಳು. ಮೀಟರಿನಲ್ಲಿ ಸಕ್ಕರೆ ಏರಿತ್ತು. "ಅತ್ತೆ, ಇದೊಂದು ಹೇಳೋದು ಬಿಡೋಣ," ಅಂದಳು ಮೆಲ್ಲಗೆ. ಅತ್ತೆ, "ಬೇಡ ಕಣಮ್ಮ. ಬಿಟ್ಟಿದ್ದು ಎಲ್ಲಿ ಹೋಗಿ ಕೂರುತ್ತೆ ಅಂತ ನೋಡಿದ್ವಲ್ಲ," ಅಂದರು. ಸಿಸ್ಟರಿಗೆ ಅವರೇ ಫೋನ್ ಮಾಡಿದರು. ಬರೀ ಊಟ, ನಡಿಗೆಗೆ ಸಕ್ಕರೆ ಬಗ್ಗಲಿಲ್ಲ. ಡಾಕ್ಟರು ಇನ್ಸುಲಿನ್ ಸೂಜಿ ಬರೆದುಕೊಟ್ಟರು.

"ಬಸುರಿಗೆ ಸೂಜಿಯಾ!" ಲಾಂಡ್ರಿಯವಳು ಗಾಬರಿಯಾದಳು. "ಮಗುಗೆ ತಗಲಲ್ವಾ?"

"ತಗಲಲ್ಲ," ಅಂದರು ಬೇಕರಿಯಮ್ಮ. "ಇನ್ಸುಲಿನ್ ಮಾಸು ದಾಟಲ್ಲ. ದಾಟೋದು ಸಕ್ಕರೆ. ನೀನು ಹೆದರಬೇಕಾದ್ದು ಅದಕ್ಕೆ." ಲಾಂಡ್ರಿಯವಳು ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಬೀದಿಯವರು ಇವತ್ತಿಗೂ ಆ ದಿನವನ್ನು ನೆನೆಯುತ್ತಾರೆ.

ಕೂಸು ಹುಟ್ಟಿತು. ಗಂಡು. ಅಷ್ಟೇನೂ ದಪ್ಪವಿಲ್ಲ, ಸಣ್ಣದೂ ಅಲ್ಲ. ಭುಜ ಸಲೀಸಾಗಿ ಬಂತು. ತಕ್ಷಣ ಎದೆಹಾಲು ಕುಡಿಸಿದರು. ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಿದರು, ಇಳಿದಿರಲಿಲ್ಲ. ಈ ಸಲ ಬೇಕರಿಯಮ್ಮ ಕೇಕ್ ತರಿಸಲಿಲ್ಲ. ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡರು. ಸಂತೋಷಕ್ಕೆ ಅಂದುಕೊಂಡರು ಪಕ್ಕದವರು. ಪೂರ್ತಿ ಸಂತೋಷಕ್ಕೆ ಅಲ್ಲ.

ಮನೆಗೆ ಬಂದ ಮೇಲೆ ಲಾಂಡ್ರಿಯವಳು ನೋಡಲು ಬಂದಳು. "ಅಯ್ಯೋ, ಅಕ್ಕನ ಹಾಗೆ ದುಂಡಗಿಲ್ಲವಲ್ಲೇ!"

"ಇಲ್ಲ," ಅಂದರು ಅಜ್ಜಿ. "ಆ ಪುಣ್ಯ ಇವನಿಗಿದೆ."

ತೊಟ್ಟಿಲ ಪಕ್ಕ ಅಕ್ಕ ನಿಂತಿದ್ದಳು. ಅಂಗಡಿಯಲ್ಲಿ ಟ್ರೇ ಒಂದು ಢಣ್ ಅಂತ ಬಿತ್ತು. ಎಳೆಕೂಸು ಬೆಚ್ಚಿ, ಎಳೆಮಕ್ಕಳು ಬೆಚ್ಚುವ ಹಾಗೆ, ಎರಡೂ ಕೈಯನ್ನು ಒಟ್ಟಿಗೆ ಮೇಲೆ ಹಾರಿಸಿತು.

ಹುಡುಗಿ ಕೇಕೆ ಹಾಕಿದಳು. "ಅಜ್ಜೀ, ನೋಡು ನೋಡು! ಪಾಪುಗೆ ಎರಡೂ ಕೈ ಮೇಲೆ ಹೋಗ್ತಾವೆ! ಎರಡೂ!"

ಅವಳಿಗೆ ಹೊಟ್ಟೆಕಿಚ್ಚಿರಲಿಲ್ಲ. ಬೆರಗಿತ್ತು ಅಷ್ಟೇ. ಅಜ್ಜಿ ಅವಳನ್ನು ಎಳೆದು ತಬ್ಬಿಕೊಂಡರು. ಬನ್ನು ಅಂತ ಕರೆಯಲು ಬಾಯಿ ತೆರೆದರು. ಆ ದುಂಡು ಎಲ್ಲಿಂದ ಬಂತು ಅಂತ ಗೊತ್ತಾದ ಮೇಲೆ ಆ ಹೆಸರು ಅವರ ಬಾಯಿಗೆ ಮತ್ತೆ ಬರಲೇ ಇಲ್ಲ.

ಓದಿದ ಅಕ್ಕಂದಿರೇ, ಕೇಳಿಸಿಕೊಂಡ ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಮೊದಲ ಸಲ ಆಸ್ಪತ್ರೆಗೆ ಹೋದಾಗಲೇ ಸಕ್ಕರೆ ಪರೀಕ್ಷೆ ಕೇಳಿ ಮಾಡಿಸಿ. ಆರನೇ ತಿಂಗಳ ಹೊತ್ತಿಗೆ ಮತ್ತೆ ಮಾಡಿಸಿ. ಹೆಚ್ಚಿದೆ ಅಂದರೆ ಅಳಬೇಡಿ, ಅವಳನ್ನು ಬೈಯಬೇಡಿ. ಊಟ, ನಡಿಗೆ, ಬೇಕಾದರೆ ಔಷಧಿ, ಡಾಕ್ಟರು ಹೇಳಿದ ಹಾಗೆ ದಿನದಿನವೂ ನಡೆಸಿ. ಅವಳೊಬ್ಬಳೇ ಬಾಯಿ ಕಟ್ಟಿ ಕೂರುವ ಹಾಗೆ ಮಾಡದೆ ಮನೆಯವರೆಲ್ಲ ಅದೇ ಊಟ ಮಾಡಿ. ಹೆರಿಗೆಯಾದ ಮೇಲೂ ಆರು ವಾರ ಕಳೆದು ಅವಳಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಯಾಕೆಂದರೆ ಈ ಸಕ್ಕರೆ ಮುಂದೆ ತಾಯಿಗೂ ತಿರುಗಿ ಬರಬಹುದು. ಹುಟ್ಟಿದ ಮಗು ದುಂಡಗಿದ್ದರೆ ಹಿಗ್ಗುವ ಮೊದಲು ತಾಯಿಯ ಸಕ್ಕರೆ ಹೇಗಿತ್ತು ಅಂತ ಒಂದು ಮಾತು ಕೇಳಿ.

ಡಾಕ್ಟರ ಮುಂದೆ ಕೆಟ್ಟ ಸಂಖ್ಯೆ ಬಂದರೆ ನಾಚಿಕೆ ಬೇಡ. ಅವರು ನೋಡಿ ಹೋಗುವ ಇನ್ಸ್‌ಪೆಕ್ಟರ್ ಅಲ್ಲ. ಮತ್ತೆ ಒಳಗಿರುವ ಕೂಸು, ಅದು ಯಾವ ದಿನವೂ ರಜೆ ಹಾಕುವುದಿಲ್ಲ. ನೀವು ತಿಂದದ್ದನ್ನು ತಿನ್ನುತ್ತಾ, ತನ್ನ ಗೋಡೆಯ ಮೇಲೆ ತಾನೇ ಗೀಟು ಎಳೆದುಕೊಳ್ಳುತ್ತಾ, ಅದು ಅಲ್ಲೇ ಇರುತ್ತದೆ.